ಕೆಳಗೆ ನೋಡದೆ ಮಾತಾಡುವುದು

ನನ್ನ ಗಂಟಲಿನ ಆಪರೇಷನ್ ಆದ ಮೇಲೆ ಈ ಮನೆಯವರಿಗೆ ಒಂದಿಷ್ಟು ನೆಮ್ಮದಿ ಸಿಗಬೇಕಿತ್ತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ನನ್ನ ಬಾಯಿಗೆ ಹೆದರಿ ದೂರವಿದ್ದ ನಂಟರೆಲ್ಲ ಈಗ ಧೈರ್ಯವಾಗಿ ಹಣ್ಣು ಹಿಡಿದು ನೋಡಲು ಬಂದರು. ಆದರೆ ನಾನು ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು ಎಂಬುದನ್ನು ಅವರು ಮರೆತಿದ್ದರು. ಮಗನ ಹಳೆಯ ಲ್ಯಾಪ್‌ಟಾಪ್ ಎಳೆದುಕೊಂಡು ಊಟದ ಮೇಜಿಗೆ ಕೂತೆ. ನಾನು ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಸ್ವಲ್ಪ ದಿನದಲ್ಲೇ ನನ್ನ ಜಗಳಗಳು ಮೊದಲಿನ ವೇಗಕ್ಕೆ ಬಂದವು.

ವಕೀಲರು ಕೋಣೆ ತುಂಬ ಓಡಾಡುತ್ತ ಹೇಳುವವರು. ಅವರ ಮುಖ ನೋಡಿಕೊಂಡೇ ಟೈಪ್ ಮಾಡುವುದು ನನಗೆ ರೂಢಿ. ಕೀಲಿಗಳ ಜಾಗ ಬೆರಳಿಗೆ ಗೊತ್ತು, ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಹಾಗಾಗಿ ಮೇಜಿಗೆ ಕೂತು ಮೊಮ್ಮಗಳು ಎಲ್ಲಿಗೆ ಹೋದರೆ ಅಲ್ಲಿಗೆ ಕಣ್ಣು ತಿರುಗಿಸಿಕೊಂಡು, "ಕುರ್ಚಿಯಿಂದ ಇಳಿ," "ಬಾಯಲ್ಲಿರೋದನ್ನ ಉಗಿ," "ಅಜ್ಜಿ ನೋಡ್ತಿದಾಳೆ," ಎನ್ನುತ್ತಿದ್ದೆ. ಒಂದು ಕಡೆ ನಿಲ್ಲದ ಆ ಹುಡುಗಿಯನ್ನು ನಾವು ಕರೆಯುವುದೇ ಬುಗುರಿ ಎಂದು.

ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಗ ದೂರದ ರೈಲು ಓಡಿಸುವವನು, ಮನೆಗೆ ಬಂದರೆ ನಿದ್ದೆ ಮಾಡುತ್ತಾನೆ. ಸೊಸೆಯ ರಜೆ ಮುಗಿಯುತ್ತ ಬಂದಿತ್ತು. ಬುಗುರಿಯನ್ನು ಶಿಶುವಿಹಾರಕ್ಕೆ ಹಾಕುವುದೋ, ನನ್ನ ಹತ್ತಿರ ಬಿಡುವುದೋ ಎಂಬುದು ಮನೆಯಲ್ಲಿ ದಿನವೂ ಕುದಿಯುತ್ತಿದ್ದ ಮಾತು. ನನಗೆ ಅವಳು ಬೇಕಿತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು? ದೊಡ್ಡವರೆಲ್ಲ ಕೆಲಸಕ್ಕೋ ನಿದ್ದೆಗೋ ಎದ್ದು ಹೋಗುತ್ತಾರೆ. ಅವಳಿಲ್ಲದಿದ್ದರೆ ಹಗಲೆಲ್ಲ ನಾನು ಮಾತಾಡುವುದು ಗೋಡೆಯ ಜೊತೆ.

"ನಾನು ಕೆಲಸಕ್ಕೆ ಹೋಗ್ತೀನಿ, ಒಂದು ವಾರ ನೋಡೋಣ ಅತ್ತೆ," ಎಂದಳು ಸೊಸೆ. "ಸರಿ ಹೋದ್ರೆ ಇಲ್ಲೇ ಇರ್ಲಿ." ಹಾಗೆಂದವಳು ಒಂದು ಹೊಸ ಟ್ಯಾಬ್ಲೆಟ್ ಕೈಗಿಟ್ಟಳು. "ಆ ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದೆ, ವೈರ್ ಎಲ್ಲಿದ್ಯೋ ನೀವೂ ಅಲ್ಲೇ ಕೂರ್ಬೇಕು. ಇದಾದ್ರೆ ಅಡುಗೆಮನೆಗೂ ತಗೊಂಡ್ ಹೋಗ್ಬಹುದು. ನೀವೇನು ಅದ್ರಲ್ಲಿ ಆಫೀಸ್ ನಡೆಸ್ತೀರಾ? ಮಾತಾಡ್ತೀರಾ, ಅಷ್ಟೇ ತಾನೆ. ದಿನಬಳಕೆಗೆ ಇದು ಧಾರಾಳ ಸಾಕು."

ಮಾತಾಡ್ತೀರಾ, ಅಷ್ಟೇ! ಮೈ ಉರಿಯಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ವಸ್ತು ಹಗುರವಾಗಿತ್ತು, ಧ್ವನಿ ಸ್ಪಷ್ಟವಾಗಿತ್ತು, ಕೊಟ್ಟವಳ ಮನಸ್ಸೂ ಒಳ್ಳೆಯದೇ. ಲ್ಯಾಪ್‌ಟಾಪ್ ಅಲಮಾರಿಯ ನೆತ್ತಿ ಸೇರಿತು.

ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಅಕ್ಷರ ಎಲ್ಲಿ ಶುರು, ಎಲ್ಲಿ ಕೊನೆ, ಯಾವುದೂ ತಿಳಿಯುವುದಿಲ್ಲ. ಒಂದೊಂದು ಅಕ್ಷರಕ್ಕೂ ನಾನು ತಲೆ ಬಗ್ಗಿಸಬೇಕಾಯಿತು. ಅಜ್ಜಿಯ ತಲೆ ಬಗ್ಗಿತೆಂದರೆ ತನಗೆ ಬಿಡುವು ಎಂಬುದನ್ನು ಬುಗುರಿ ಮೊದಲ ದಿನವೇ ಕಲಿತಳು. ಸಕ್ಕರೆ ಡಬ್ಬಿ ಬರಿದಾಯಿತು. ಅಮ್ಮನ ಲಿಪ್‌ಸ್ಟಿಕ್ ಗೋಡೆಗೆ ಹತ್ತಿತು, ಸೊಸೆ ಬರುವುದರೊಳಗೆ ಸೊಂಟ ಮುರಿಯುವ ಹಾಗೆ ಉಜ್ಜಿದೆ. ಟ್ಯಾಬ್ಲೆಟ್ಟಿಗೆ ಜೋಡಿಸುವ ಕೀಬೋರ್ಡ್ ಬೇರೆ ಸಿಗುತ್ತದಂತೆ. ಕೇಳಬಹುದಿತ್ತು, ಕೇಳಲಿಲ್ಲ. ಒಂದು ಟ್ಯಾಬ್ಲೆಟ್ ನಿಭಾಯಿಸಲಾಗದವಳು ಮಗುವನ್ನು ಹೇಗೆ ನಿಭಾಯಿಸುತ್ತಾಳೆ ಎಂದು ಸೊಸೆ ಬಾಯಿಬಿಟ್ಟು ಹೇಳದಿದ್ದರೂ ನನಗೆ ಕೇಳಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ವಾರ ದಾಟಿಸಿಬಿಡೋಣ ಎಂದುಕೊಂಡೆ.

ವಾರದ ಕೊನೆಯ ದಿನ ಯಾರೋ ಬಾಗಿಲು ತಟ್ಟಿದರು. ತೆರೆದರೆ ಕರೆಂಟಿನ ಮೀಟರು ನೋಡುವವನು.

"ಅಮ್ಮಾ, ನಿಮ್ಮ ಮೀಟರ್ ಎಲ್ಲಿದೆ?"

ನಾನು ತಲೆ ಬಗ್ಗಿಸಿ ಟೈಪ್ ಮಾಡತೊಡಗಿದೆ. ಅವನು ನನ್ನ ಮುಖ ಬಿಟ್ಟು ಪರದೆಗೆ ಕಣ್ಣು ಹಾಕಿದ, ಎಲ್ಲರೂ ಹಾಗೇ ಮಾಡುತ್ತಾರೆ. ಒಂದು ಅಕ್ಷರ ತಪ್ಪಿತು, ಅಳಿಸಿದೆ. ಇನ್ನೊಂದು ತಪ್ಪಿತು. "ಮೆಟ್ಟಿಲ ಕೆಳಗೆ, ಎಡಗಡೆ ಗೂಡಿನಲ್ಲಿ," ಎಂದು ಟ್ಯಾಬ್ಲೆಟ್ ಹೇಳುವ ತನಕ ಇಬ್ಬರ ತಲೆಯೂ ಮೇಲೇಳಲಿಲ್ಲ. ಅವನು ಕೈಮುಗಿದು, ಮೊದಲು ಮೇಲಿನ ಮನೆ ಮುಗಿಸುತ್ತೇನೆಂದು ಮೆಟ್ಟಿಲು ಹತ್ತಿದ.

ಒಳಗೆ ತಿರುಗಿದೆ. ಮನೆ ತಣ್ಣಗಿತ್ತು. ಬುಗುರಿ ಇರುವ ಮನೆ ಹಾಗಿರುವುದಿಲ್ಲ.

ಮಂಚದ ಕೆಳಗೆ ನೋಡಿದೆ, ಪರದೆಯ ಹಿಂದೆ ನೋಡಿದೆ, ಬಚ್ಚಲಲ್ಲಿ ನೋಡಿದೆ. ಬಾಗಿಲ ಹತ್ತಿರ ಅವಳ ಚಪ್ಪಲಿ ಇರಲಿಲ್ಲ. ನಮ್ಮಿಬ್ಬರ ಬಗ್ಗಿದ ತಲೆಗಳ ಕೆಳಗೇ ಅವಳು ನುಸುಳಿ ಹೋಗಿದ್ದಳು.

ಟ್ಯಾಬ್ಲೆಟ್ ಕೈಯಲ್ಲಿದ್ದ ಹಾಗೇ ಮೆಟ್ಟಿಲ ಕಟಕಟೆಗೆ ಓಡಿದೆ. ಅಲ್ಲಿಂದ ಬೀದಿ ನೇರ ಕೆಳಗೆ ಕಾಣುತ್ತದೆ. ನೆಲಮಹಡಿಯಲ್ಲಿ ಪೀಠೋಪಕರಣದ ಗೋದಾಮು ಇದೆ. ಅದರ ಬಾಗಿಲಿಗೆ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಲಾರಿಗೂ ಗೋಡೆಗೂ ನಡುವೆ ಬುಗುರಿ ಕುಕ್ಕರಗಾಲಲ್ಲಿ ಕೂತು ಬೆಕ್ಕಿನ ಮರಿಯ ಜೊತೆ ಏನೋ ಮಾತಾಡುತ್ತಿದ್ದಳು.

ಕೂಗಿದೆ. ಕೂಗಲು ನನ್ನಲ್ಲಿ ಏನೂ ಉಳಿದಿಲ್ಲ ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು. ಕುತ್ತಿಗೆಯ ತೂತಿನಿಂದ ಬುಸ್ಸೆಂದು ಗಾಳಿ ಬಂತು, ಅಷ್ಟೇ. ಟೈಪ್ ಮಾಡಲು ಹೋದೆ. ಬೆವರಿದ ಬೆರಳು ಗಾಜಿನ ಮೇಲೆ ಜಾರಿತು. ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದೆ, ಇನ್ಯಾವುದೋ ಅಕ್ಷರ ಬಂತು. ಅದನ್ನು ನೋಡಲು ತಲೆ ಬಗ್ಗಿಸಬೇಕಿತ್ತು. ಬಗ್ಗಿಸಿದರೆ ಮಗು ಕಾಣುವುದಿಲ್ಲ, ಎತ್ತಿದರೆ ಅಕ್ಷರ ಕಾಣುವುದಿಲ್ಲ. ಲಾರಿ ಇನ್ನೂ ಬರುತ್ತಲೇ ಇತ್ತು.

ಆಮೇಲೆ ನಾನು ಯೋಚನೆ ಮಾಡಲಿಲ್ಲ. ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಬ್ಬಿಣದ ಕಟಕಟೆಗೆ ಬಡಿದೆ. ಮತ್ತೆ ಬಡಿದೆ. ಗಾಜು ಒಡೆದು ಚೂರು ಅಂಗೈಗೆ ಚುಚ್ಚಿತು, ಆದರೂ ಬಡಿಯುತ್ತಲೇ ಇದ್ದೆ. ಲಾರಿ ಗಕ್ಕನೆ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಏನ್ರೀ ಅದು, ತಲೆ ಕೆಟ್ಟಿದೆಯಾ?" ಎಂದು ಮೇಲಕ್ಕೆ ಕಿರುಚಿದ. ನಾನು ಅವನ ಲಾರಿಯ ಹಿಂದಕ್ಕೆ ಬೆರಳು ಮಾಡಿದೆ. ಇಳಿದು ಹೋಗಿ ನೋಡಿದವನು ಹಾಗೇ ಬೀದಿಯಲ್ಲಿ ಕುಸಿದು ಕೂತ.

ಬುಗುರಿ ಮೇಲೆ ನೋಡಿ ನನಗೆ ಕೈಬೀಸಿದಳು.

ಅವಳನ್ನು ಎತ್ತಿಕೊಂಡು ಬಂದು ಬಾಗಿಲಿಗೆ ಚಿಲಕ ಹಾಕಿ, ಅಂಗೈಗೆ ಬಟ್ಟೆ ಸುತ್ತಿಕೊಂಡೆ. ಸ್ಟೂಲು ಹಾಕಿ ಲ್ಯಾಪ್‌ಟಾಪ್ ಇಳಿಸಿದೆ. ಸಂಜೆ ಸೊಸೆ ಬಂದಾಗ ಊಟದ ಮೇಜಿಗೆ ಕೂತಿದ್ದೆ.

"ಅಯ್ಯೋ, ಟ್ಯಾಬ್ಲೆಟ್ ಏನಾಯ್ತು ಅತ್ತೆ? ಕೈಗೇನು ಬಟ್ಟೆ?"

ಕೈಜಾರಿ ಬಿತ್ತು ಎಂದರೆ ಮುಗಿದುಹೋಗುತ್ತಿತ್ತು. ಡ್ರೈವರ್ ಬೇರೆ ಊರಿನವನು, ಬುಗುರಿಗೆ ಆಗಲೇ ಬೆಕ್ಕಿನದ್ದೇ ಕಥೆ. ವಾರ ಮುಗಿದಿತ್ತು, ಮಗು ನನ್ನದಾಗಿತ್ತು. ತಲೆ ಬಗ್ಗಿಸಿ ಗಾಜು ಕುಟ್ಟುತ್ತಿದ್ದರೆ ಆ ಸುಳ್ಳು ಸಲೀಸಾಗಿ ಆಡಿಬಿಡುತ್ತಿದ್ದೆನೋ ಏನೋ. ಈಗ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ, ಸೊಸೆಯ ಮುಖ ಎದುರಿಗೇ ಇತ್ತು. ದಿನವೆಲ್ಲ ನಿಂತು ದುಡಿದು ಸೋತ ಮುಖ. ಅದನ್ನೇ ನೋಡುತ್ತ ನಡೆದದ್ದನ್ನೆಲ್ಲ ಟೈಪ್ ಮಾಡಿದೆ. ಗೋಡೆಯ ಲಿಪ್‌ಸ್ಟಿಕ್ಕನ್ನೂ ಬಿಡಲಿಲ್ಲ.

ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು, ಕಾಲು, ತಲೆ ಎಲ್ಲ ಮುಟ್ಟಿ ನೋಡಿದಳು. ಅವಳು ಕೂಗಾಡಲಿ ಎಂದು ನಾನು ಕಾದೆ. ಕೂಗಾಡಿದ್ದರೆ ನನಗೂ ಜಗಳಕ್ಕೆ ದಾರಿ ಇರುತ್ತಿತ್ತು.

"ನಂದೇ ತಪ್ಪು ಅತ್ತೆ," ಎಂದಳು ಕೊನೆಗೆ. "ಹಾಳಾದ ಟ್ಯಾಬ್ಲೆಟ್ ತಂದ್ಕೊಟ್ಟಿದ್ದು ನಾನು. ಬಿಸಾಕಿ ಅದನ್ನ. ಲ್ಯಾಪ್‌ಟಾಪೇ ಇಟ್ಕೊಳಿ, ಮೊದ್ಲಿನ ಹಾಗೇ ಇರೋಣ. ಇವಳು ನಿಮ್ಮ ಹತ್ರಾನೇ ಇರ್ಲಿ."

ಕೇಳಬೇಕೆಂದು ಬಯಸಿದ್ದ ಮಾತು ಅದೇ. ಹೂಂ ಎನ್ನಲು ನನ್ನ ಬೆರಳು ಆಗಲೇ ಕೀಲಿಗಳ ಮೇಲಿದ್ದವು.

"ಬೇಡ," ಎಂದು ಟೈಪ್ ಮಾಡಿದೆ. "ಇದು ಗೋಡೆಯ ಪ್ಲಗ್ ಬಿಟ್ಟು ಬರಲ್ಲ. ಇವಳು ಬೀದಿಗೆ ಹೋಗ್ತಾಳೆ. ಕೂಗಿ ನಿಲ್ಸೋರು ಇರೋ ಕಡೆ ಕಳ್ಸು."

ಉಪ್ಪು ಕಡಿಮೆ ಎಂದು ಹೇಳುವ ಧ್ವನಿಯಲ್ಲೇ ಲ್ಯಾಪ್‌ಟಾಪ್ ಅದನ್ನೂ ಓದಿತು. ಸೊಸೆ ಅದರ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ನನ್ನ ಕೈಯ ಬಟ್ಟೆ ಬಿಚ್ಚಿ ಗಾಯಕ್ಕೆ ಔಷಧಿ ಹಚ್ಚಿದಳು.

ಮುಂದಿನ ವಾರ ಒಂದು ಬೆಳಿಗ್ಗೆ ಶಿಶುವಿಹಾರಕ್ಕೆ ಹೊರಟ ಬುಗುರಿ ಹೊಸ ಚೀಲ ಬೆನ್ನಿಗೇರಿಸಿಕೊಂಡು ಬಾಗಿಲಲ್ಲಿ ನಿಂತಳು.

"ಅಜ್ಜಿ, ನೀನೂ ಬರ್ತೀಯಾ?"

ಇಲ್ಲವೆಂದು ತಲೆಯಾಡಿಸಿದೆ. ಅಷ್ಟು ಹೇಳಲು ನನಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಅವಳು ಅಮ್ಮನ ಕೈ ಹಿಡಿದು ಮೆಟ್ಟಿಲು ಇಳಿದು ಹೋದಳು.