ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ವೇಳಾಪಟ್ಟಿ ಮೇಡಂ ಎಂದೇ. ಯಾವ ರೋಗಿ ಯಾವ ದಿನ ಎಷ್ಟು ಗಂಟೆಗೆ ತಪಾಸಣೆಗೆ ಬರಬೇಕು, ಯಾವ ವ್ಯಾನು ಯಾರನ್ನು ಕರೆತರಬೇಕು, ಸಲಹಾ ಸಮಿತಿಯ ದೊಡ್ಡವರಲ್ಲಿ ಯಾರಿಗೆ ಕಿಟಕಿ ಪಕ್ಕದ ಕುರ್ಚಿ, ಯಾರಿಗೆ ಸಕ್ಕರೆ ಹಾಕದ ಚಹಾ, ಎಲ್ಲವೂ ಅವಳ ಬೆರಳ ತುದಿಯಲ್ಲಿತ್ತು. ಸೇರಿ ಹತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳು ಏರ್ಪಡಿಸಿದ ಒಂದು ಸಭೆಯೂ ಕೆಟ್ಟಿರಲಿಲ್ಲ. ನಿರ್ದೇಶಕರಂತೂ ಮನೆಯ ಕೆಲಸಕ್ಕೆ ಪ್ಲಂಬರನನ್ನು ಕರೆಸುವುದಿದ್ದರೂ ಅವಳನ್ನೇ ಕೇಳುತ್ತಿದ್ದರು.

ಆ ಸಲ ಸಭೆ ಇದ್ದುದು ಕೈನಡುಕದ ಮಾತ್ರೆಯ ವಿಷಯಕ್ಕೆ. ಒಂಬತ್ತು ವರ್ಷದ ಹಿಂದೆ ಅದೇ ಕೇಂದ್ರದಲ್ಲಿ ಮೂವತ್ತು ಜನರಿಗೆ ಆ ಮಾತ್ರೆ ಕೊಟ್ಟು ನೋಡಿದ್ದರು. ಮಾತ್ರೆಗೆ ಮುಂಚೆ ಕೈ ಎಷ್ಟು ನಡುಗುತ್ತಿತ್ತು, ಆಮೇಲೆ ಎಷ್ಟು ಎಂದು ಅಳೆದಿದ್ದರು. ಫಲಿತಾಂಶ ನೋಡಿದವರೆಲ್ಲ ಹುಬ್ಬೇರಿಸುವಷ್ಟು ಚೆನ್ನಾಗಿ ಬಂದಿತ್ತು. ಈಗ ಅದನ್ನೇ ನೆಚ್ಚಿಕೊಂಡು ಎಂಟುನೂರು ಜನರ ದೊಡ್ಡ ಅಧ್ಯಯನ ಶುರುವಾಗಬೇಕಿತ್ತು. ಸಲಹಾ ಸಮಿತಿ ಒಪ್ಪಿದರೆ ಆಯಿತು.

ಸಮಿತಿಗೆ ಸಂಖ್ಯಾಶಾಸ್ತ್ರದ ಪ್ರೊಫೆಸರೊಬ್ಬರು ಹೊಸದಾಗಿ ಸೇರಿದ್ದರು. ಅವರ ಮುಖ ಕೇಂದ್ರದಲ್ಲಿ ಯಾರೂ ನೋಡಿರಲಿಲ್ಲ. ಸಭೆಗೆ ಮೂರು ದಿನ ಇರುವಾಗ ಅವಳು ಕಂಪ್ಯೂಟರಿನಲ್ಲಿ ಅವರ ಹೆಸರು ಹುಡುಕಿ, ಅಲ್ಲಿದ್ದ ನಂಬರಿಗೆ ಫೋನು ಮಾಡಿದಳು.

“ಕಾಗದ ಬಂತಮ್ಮ,” ಎಂದಿತು ಆ ಕಡೆಯ ಧ್ವನಿ. “ನಿಜವಾಗ್ಲೂ ನನ್ನನ್ನೇ ಕರೆದಿದ್ದೀರಾ?”

“ಅಯ್ಯೋ, ಏನ್ ಸರ್ ಹೀಗಂತೀರಿ. ನಿಮ್ಮ ಅಭಿಪ್ರಾಯ ಇಲ್ದೆ ನಾವು ಮುಂದಕ್ಕೆ ಹೋಗೋ ಹಾಗೇ ಇಲ್ಲ.”

ಆ ಕಡೆ ಕಾಗದ ಮಡಚಿದ ಸದ್ದಾಯಿತು. ಆಮೇಲೆ, “ಹೊಟ್ಟೆಗೆ ಏನೂ ತಗೊಳ್ದೆ ಬರಬೇಕಾ?” ಎಂಬ ಪ್ರಶ್ನೆ ಬಂತು.

ಅವಳಿಗೆ ಇದರ ತಲೆಬುಡ ತಿಳಿಯಲಿಲ್ಲ. ದೊಡ್ಡವರ ತಮಾಷೆ ಇರಬೇಕು ಅಂದುಕೊಂಡು, “ಇಲ್ಲ ಸರ್, ಆರಾಮಾಗಿ ತಿಂಡಿ ತಿಂದ್ಕೊಂಡೇ ಬನ್ನಿ,” ಎಂದಳು.

“ಹಳೇ ಚೀಟಿಗಳನ್ನೆಲ್ಲ ಇಟ್ಕೊಂಡಿದ್ದೀನಿ. ತರ್ಲಾ?”

“ತನ್ನಿ ಸರ್. ಉಪಯೋಗಕ್ಕೆ ಬರುತ್ತೆ.”

ಫೋನಿಟ್ಟ ಮೇಲೂ ಅವಳ ಮನಸ್ಸಿನಲ್ಲಿ ಏನೋ ಒಂದು ಕಸಿವಿಸಿ ಉಳಿಯಿತು. ಆದರೆ ಮೈಕು ದುರಸ್ತಿಗೆ ಹೋಗಿತ್ತು, ಅಧ್ಯಕ್ಷೆಯ ರೈಲು ತಡವಾಗುವುದಿತ್ತು. ಹತ್ತು ಕೆಲಸದ ನಡುವೆ ಆ ಕಸಿವಿಸಿ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಸಭೆಯ ದಿನ ಅವರು ಬಂದದ್ದು ಬಸ್ಸಿನಲ್ಲಿ, ಮುಕ್ಕಾಲು ಗಂಟೆ ಮುಂಚೆ. ಅರವತ್ತು ದಾಟಿದ ಸಣ್ಣ ಆಳು. ಹಾಕಿಕೊಂಡಿದ್ದ ಕೋಟು ಹಳೆಯದಾದರೂ ಮೈಗೆ ಅಂಟಿಸಿದ ಹಾಗೆ ಕೂತಿತ್ತು. ಕಂಕುಳಲ್ಲಿ ದಾರ ಕಟ್ಟಿದ ಕಾಗದದ ಕಟ್ಟು. ವ್ಯಾನಿನವನು ನಿಲ್ದಾಣದಲ್ಲಿ ಕಾಯುತ್ತಿದ್ದನಲ್ಲ ಎಂದು ಅವಳು ನೊಂದುಕೊಂಡರೆ, “ಈ ದಾರಿ ನಂಗೆ ಗೊತ್ತಿದೆಯಮ್ಮ,” ಎಂದರು. ನಿರ್ದೇಶಕರು ಕೈ ಕುಲುಕಿದಾಗ ಅವರ ಕಣ್ಣು ನಿರ್ದೇಶಕರ ಕೋಟಿನ ಭುಜದ ಮೇಲೇ ನಿಂತಿತ್ತು.

ಸಭೆ ಶುರುವಾಯಿತು. ನಿರ್ದೇಶಕರು ಪರದೆಯ ಮೇಲೆ ಹಳೆಯ ಅಧ್ಯಯನದ ಚಿತ್ರ ತೋರಿಸಿದರು. ಮಾತ್ರೆಗೆ ಮುಂಚೆ ರೋಗಿಗಳು ಕಾಗದದ ಮೇಲೆ ಬರೆದ ಸುರುಳಿ ಗೆರೆ ಹಲ್ಲುಹಲ್ಲಾಗಿ ಗರಗಸದಂತಿತ್ತು. ಮಾತ್ರೆಯ ನಂತರದ್ದು ನೀಟಾಗಿ, ದುಂಡಗೆ. ಅಧ್ಯಕ್ಷೆ ನರರೋಗಗಳ ಹಿರಿಯ ವೈದ್ಯೆ, ಮೃದು ಮಾತಿನವರು. ಅವರು ಹೊಸ ಸದಸ್ಯರ ಕಡೆ ತಿರುಗಿ, “ಈ ಅಂಕಿಗಳ ಬಗ್ಗೆ ನೀವೇನು ಹೇಳ್ತೀರಿ ಪ್ರೊಫೆಸರ್?” ಎಂದು ಕೇಳಿದರು.

ಅವರು ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

“ನನ್ನನ್ನೇ ಕೇಳಿದ್ರಾ? ನಾನು ಪ್ರೊಫೆಸರ್ ಅಲ್ಲಮ್ಮ, ಟೈಲರು. ಅಂಕಿ ಗೊತ್ತಿಲ್ಲ, ಅಳತೆ ಗೊತ್ತು. ಆ ಮೂವತ್ತು ಜನ ಅಂದ್ರಲ್ಲ, ಅದರಲ್ಲಿ ನಾನು ಹದಿನೇಳನೆಯವನು.”

ಮೂಲೆಯಲ್ಲಿ ಕೂತು ನಡಾವಳಿ ಬರೆಯುತ್ತಿದ್ದ ಅವಳು ಅರ್ಧ ಸಾಲಿಗೇ ನಿಲ್ಲಿಸಿದಳು. ಹೊಟ್ಟೆಗೆ ತಗೊಳ್ಳದೆ ಬರಬೇಕಾ ಎಂದದ್ದು, ಹಳೇ ಚೀಟಿ ಎಂದದ್ದು, ಒಂದೊಂದೂ ಈಗ ಅರ್ಥವಾಯಿತು. ಪ್ರೊಫೆಸರರದೂ ಇವರದೂ ಒಂದೇ ಹೆಸರು, ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಬೇರೆ. ಆಹ್ವಾನ ಪತ್ರ ಕಳಿಸುವಾಗ, ಹಳೆಯ ರೋಗಿಗಳ ಹೆಸರೂ ಇದ್ದ ಪಟ್ಟಿಯಿಂದ ಕಂಪ್ಯೂಟರು ಎತ್ತಿಕೊಟ್ಟದ್ದನ್ನೇ ಒತ್ತಿಬಿಟ್ಟಿದ್ದಳು. ನಿರ್ದೇಶಕರು ಅವಳತ್ತ ನೋಡಿದ ನೋಟಕ್ಕೆ ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡತೊಡಗಿದಳು.

ಟೈಲರ್ ಎದ್ದು ನಿಂತಿದ್ದರು. “ತಪ್ಪಾಗಿದ್ರೆ ಹೋಗ್ತೀನಿ. ನನ್ನ ಅಭಿಪ್ರಾಯ ಬೇಕು ಅಂತ ಬರೆದಿತ್ತು, ಅದಕ್ಕೇ ಅಂಗಡಿ ಮುಚ್ಚಿ ಬಂದೆ.”

“ಕೂತ್ಕೊಳ್ಳಿ,” ಎಂದರು ಅಧ್ಯಕ್ಷೆ. ಅವರ ಮುಖದಲ್ಲಿ ನಗು ಇತ್ತು. “ಬಂದಿದ್ದೀರಿ, ಹೇಳಿಯೇ ಹೋಗಿ. ಮಾತ್ರೆಯಿಂದ ಗುಣ ಕಂಡಿತ್ತಾ?”

“ಅದೇ ನಂಗೂ ತಿಳೀಲಿಲ್ಲ.” ಟೈಲರ್ ಕಟ್ಟಿನ ದಾರ ಬಿಚ್ಚಿದರು. ಒಳಗಿದ್ದದ್ದು ಅವರೇ ಬರೆದ ಸುರುಳಿಗಳ ನಕಲು, ಮೊದಲಿನಿಂದ ಕೊನೆಯವರೆಗೆ. “ಇವು ಮಾತ್ರೆ ಶುರು ಮಾಡೋಕೆ ಮುಂಚಿನವು, ಮಧ್ಯಾಹ್ನ ಬರೆಸಿದ್ದು. ಬೆಳಗ್ಗೆಯಿಂದ ಕತ್ತರಿ ಹಿಡಿದು ಕೈ ಸೋತಿರೋ ಹೊತ್ತು. ಇವು ಆಮೇಲಿನವು, ಬೆಳಗ್ಗೆ ಬರೆಸಿದ್ದು. ಬೆಳಗ್ಗೆ ನನ್ನ ಕೈ ಮಾತ್ರೆ ಇಲ್ದೇನೂ ಸರಿಯಾಗೇ ಇರುತ್ತೆ. ಸೂಕ್ಷ್ಮದ ಹೊಲಿಗೆಯೆಲ್ಲ ನಾನು ಹತ್ತು ಗಂಟೆಯೊಳಗೇ ಮುಗಿಸೋದು.”

“ಇದನ್ನ ಆಗ ಯಾಕೆ ಹೇಳ್ಲಿಲ್ಲ?” ನಿರ್ದೇಶಕರ ದನಿ ಸ್ವಲ್ಪ ಒರಟಾಗಿತ್ತು.

“ಯಾರೂ ಕೇಳ್ಲಿಲ್ಲ ಸಾರ್. ನಡುಗುತ್ತಾ ಅಂತ ಕೇಳಿದ್ರು. ಯಾವಾಗ ನಡುಗುತ್ತೆ ಅಂತ ಕೇಳ್ಲಿಲ್ಲ.”

ಒಬ್ಬರ ಅನುಭವ ಇಟ್ಟುಕೊಂಡು ಏನನ್ನೂ ಹೇಳಲಾಗದು, ಉಳಿದ ಇಪ್ಪತ್ತೊಂಬತ್ತು ಜನರ ವೇಳೆ ಹೇಗಿತ್ತೋ ಏನೋ ಎಂದು ನಿರ್ದೇಶಕರು ವಿಷಯ ತೇಲಿಸಲು ನೋಡಿದರು. ಚಹಾಕ್ಕೆ ಬಿಡುವು ಕೊಟ್ಟರು. ಅವಳು ಚಹಾದ ಕಡೆ ಹೋಗಲಿಲ್ಲ. ಕಡತಗಳ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಹಳೆಯ ಭೇಟಿ ಪುಸ್ತಕ ಸಿಗಲು ಐದು ನಿಮಿಷವೂ ಬೇಕಾಗಲಿಲ್ಲ. ಅವಳೇ ಜೋಡಿಸಿಟ್ಟದ್ದು. ಮಾತ್ರೆಗೆ ಮುಂಚಿನ ಭೇಟಿಗಳೆಲ್ಲ ಮಧ್ಯಾಹ್ನ ಮೂರಕ್ಕೆ. ಮಾತ್ರೆ ಶುರುವಾದ ಮೇಲಿನವೆಲ್ಲ ಬೆಳಗ್ಗೆ ಒಂಬತ್ತಕ್ಕೆ. ಹದಿನೇಳನೆಯವರದು ಮಾತ್ರವಲ್ಲ, ಮೂವತ್ತೂ ಜನರದು. ಪ್ರತಿ ಸಾಲೂ ಅವಳ ಅಕ್ಷರ, ಆಗ ಇನ್ನೂ ದುಂಡಗಿದ್ದ ಅಕ್ಷರ.

ಯಾಕೆ ಬದಲಾಯಿಸಿದ್ದೆ ಎಂದು ನೆನಪು ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಕೆಲಸಕ್ಕೆ ಸೇರಿ ಒಂದು ವರ್ಷ. ಮಗಳಿಗೆ ಒಂದೂವರೆ. ಮಗುವನ್ನು ನೋಡಿಕೊಳ್ಳುತ್ತಿದ್ದ ಅಮ್ಮನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ, ಮಧ್ಯಾಹ್ನ ಮನೆಯಲ್ಲಿ ದಿಕ್ಕಿಲ್ಲದಂತಾಗಿತ್ತು. ಗಂಡನದು ಮಧ್ಯಾಹ್ನದ ಪಾಳಿ, ಬೆಳಗ್ಗೆಯಾದರೆ ಅವನು ಮನೆಯಲ್ಲಿರುತ್ತಿದ್ದ. ಅವಳು ನಿರ್ದೇಶಕರ ಮುಂದೆ ನಿಂತು, ಭೇಟಿಗಳನ್ನು ಬೆಳಗ್ಗೆಗೆ ಹಾಕಿಕೊಂಡರೆ ವ್ಯಾನಿಗೂ ಅನುಕೂಲ ಸರ್ ಎಂದಿದ್ದಳು. ಮಗುವಿನ ಮಾತು ಎತ್ತಿರಲಿಲ್ಲ. ನಿರ್ದೇಶಕರು ಭೇಟಿ ಪುಸ್ತಕದ ಪುಟಕ್ಕೆ ಓದದೆಯೇ ಸಹಿ ಹಾಕಿದ್ದರು.

ಹಾಗಾದರೆ ಆ ಮೂವತ್ತು ಜನರ ಕೈ ನಿಂತದ್ದು ಮಾತ್ರೆಯಿಂದಲೋ, ತನ್ನ ಅಮ್ಮನ ಕಣ್ಣಿನಿಂದಲೋ? ಇದು ತಪ್ಪೇ? ಸುಳ್ಳು ಹೇಳಿರಲಿಲ್ಲ, ಏನನ್ನೂ ತಿದ್ದಿರಲಿಲ್ಲ. ಗಂಟೆ ಬದಲಾಯಿಸಿದರೆ ಫಲಿತಾಂಶ ಬದಲಾಗುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಆ ಪುಸ್ತಕ ಮುಚ್ಚಿ ಕಪಾಟಿನಲ್ಲಿಡಲು ಅವಳ ಕೈ ಬರಲಿಲ್ಲ.

ಗಂಡನಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

“ಯಾರಾದ್ರೂ ನಿನ್ನ ಕೇಳಿದ್ರಾ?” ಎಂದ ಅವನು.

“ಇಲ್ಲ.”

“ಹಾಗಾದ್ರೆ ಸುಮ್ನಿದ್ಬಿಡು.” ಒಂದು ಗಳಿಗೆ ಬಿಟ್ಟು, “ಅಥ್ವಾ ಹೇಳೇಬಿಡು. ಎಂಟುನೂರು ಜನ ಅಂದ್ಯಲ್ಲ. ನಂಗೂ ಗೊತ್ತಾಗ್ತಿಲ್ಲ ಕಣೇ,” ಎಂದ.

“ನೀನೂ ಹೀಗಂದ್ರೆ?”

“ಮತ್ತೇನನ್ಲಿ? ಆವತ್ತು ಬೆಳಗ್ಗೆಗೆ ಹಾಕಿಸ್ಕೋ ಅಂತ ಹೇಳಿದ್ದೇ ನಾನು.”

ಅದು ಅವಳಿಗೆ ಮರೆತೇ ಹೋಗಿತ್ತು.

ಬಿಡುವು ಮುಗಿದು ಎಲ್ಲರೂ ಕೂತಿದ್ದರು. ಅವಳು ಪುಸ್ತಕವನ್ನು ಎದೆಗೊತ್ತಿಕೊಂಡು ಒಳಗೆ ಬಂದಾಗ ಟೈಲರ್ ಬಿಸ್ಕತ್ತಿನ ಚೂರು ಒರೆಸಿಕೊಳ್ಳುತ್ತಿದ್ದರು. ಹತ್ತು ವರ್ಷದಲ್ಲಿ ಸಭೆಯಲ್ಲಿ ಅವಳು ಆಡಿದ ಮಾತೆಂದರೆ ‘ಊಟ ತಯಾರಿದೆ’ ಎಂಬುದಷ್ಟೇ. ಈಗ ಪುಸ್ತಕವನ್ನು ಅಧ್ಯಕ್ಷೆಯ ಮುಂದೆ ತೆರೆದಿಟ್ಟಳು.

“ಮೂವತ್ತು ಜನರದ್ದೂ ಹಾಗೇ ಇದೆ,” ಎಂದಳು. “ಮುಂಚಿನದೆಲ್ಲ ಮಧ್ಯಾಹ್ನ, ಆಮೇಲಿನದೆಲ್ಲ ಬೆಳಗ್ಗೆ. ಬದಲಾಯಿಸಿದ್ದು ನಾನು. ವ್ಯಾನಿಗೋಸ್ಕರ ಅಂತ ಹೇಳಿದ್ದೆ. ವ್ಯಾನಿಗೋಸ್ಕರ ಅಲ್ಲ, ಮನೆಯಲ್ಲಿ ಮಗು ಇತ್ತು.”

ಪುಸ್ತಕ ಕೈಯಿಂದ ಕೈಗೆ ಹೋಯಿತು. ನಿರ್ದೇಶಕರು ಕೊನೆಯವರಾಗಿ ನೋಡಿದರು. ತಮ್ಮ ಸಹಿಯ ಮೇಲೆ ಬೆರಳಿಟ್ಟರು. ಬೈಗುಳ ಬೀಳುತ್ತದೆಂದು ಅವಳು ಕಾದಳು. ಅವರು ಕನ್ನಡಕ ತೆಗೆದು, “ನಾನೂ ಪಟ್ಟಿ ನೋಡ್ಬೇಕಿತ್ತು,” ಎಂದರು. ಆ ಮಾತು ಅವಳಿಗೋ, ಸಮಿತಿಗೋ, ಪುಸ್ತಕಕ್ಕೋ ತಿಳಿಯಲಿಲ್ಲ. ಆಮೇಲೆ ಹನ್ನೊಂದು ದಿನ ಅವರು ಅವಳೊಂದಿಗೆ ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದಕ್ಷರ ಹೆಚ್ಚು ಆಡಲಿಲ್ಲ. ಕೋಪವೋ ನಾಚಿಕೆಯೋ, ಅದೂ ತಿಳಿಯಲಿಲ್ಲ.

ದೊಡ್ಡ ಅಧ್ಯಯನ ಅಲ್ಲಿಗೇ ನಿಂತಿತು. ಮೊದಲು ಚಿಕ್ಕದೊಂದು ಮಾಡಿ, ಒಬ್ಬೊಬ್ಬರನ್ನೂ ಬೆಳಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಅಳೆಯಬೇಕೆಂದು ಸಮಿತಿ ಹೇಳಿತು. ನಿಜವಾದ ಪ್ರೊಫೆಸರರಿಗೆ ಅವಳು ಫೋನು ಮಾಡಿ ಕ್ಷಮೆ ಕೇಳಿದಾಗ, ಅವರು ಎಲ್ಲವನ್ನೂ ಕೇಳಿಸಿಕೊಂಡು, “ನಾನು ಬಂದಿದ್ರೆ ಅಂಕಿಗಳು ಚೆನ್ನಾಗಿವೆ ಅಂತ ಹೇಳಿ ಊಟ ಮಾಡ್ಕೊಂಡು ಹೋಗಿರ್ತಿದ್ದೆ,” ಎಂದರು. ಟೈಲರನ್ನು ಸಮಿತಿಗೆ ಸೇರಿಸಿಕೊಳ್ಳಬೇಕೆಂದು ಮೊದಲು ಸೂಚಿಸಿದವರೂ ಅವರೇ.

ಐದು ತಿಂಗಳ ಮೇಲೆ ಚಿಕ್ಕ ಅಧ್ಯಯನದ ಫಲ ಬಂತು. ಮಾತ್ರೆಯಿಂದ ಉಪಯೋಗ ಇತ್ತು, ಆದರೆ ಹಿಂದೆ ಬರೆದುದರ ಮೂರನೇ ಒಂದು ಪಾಲು ಕೂಡ ಇರಲಿಲ್ಲ. ಮುಂದುವರಿಸಬೇಕೋ ಬಿಡಬೇಕೋ ಎಂದು ದೊಡ್ಡವರಲ್ಲೇ ಎರಡು ಪಂಗಡವಾಯಿತು. ಕೆಲವರು ಅವಳಿಂದ ಎಂಟುನೂರು ಜನ ಉಳಿದರು ಎಂದರು. ಕೆಲವರು, ಅವಳಿಂದಲೇ ಒಂಬತ್ತು ವರ್ಷ ದಾರಿ ತಪ್ಪಿತು ಎಂದರು. ಎರಡನ್ನೂ ಕೇಳಿಸಿಕೊಂಡು ಅವಳು, ಅಧ್ಯಯನ ಮುಂದುವರಿದರೆ ಬೇಕಾಗುತ್ತದೆಂದು, ಹೊಸ ವೇಳಾಪಟ್ಟಿ ಬರೆಯಲು ಕೂತರೆ, ಮೊದಲ ಸಾಲಿನಲ್ಲಿ ಗಂಟೆ ತುಂಬಲು ಆಗುತ್ತಿರಲಿಲ್ಲ. ಒಂಬತ್ತು ಎಂದು ಬರೆದು ಅಳಿಸುವಳು, ಮೂರು ಎಂದು ಬರೆದು ಅಳಿಸುವಳು.

ಒಂದು ದಿನ ಮಧ್ಯಾಹ್ನ ಕೇಂದ್ರದಿಂದ ಹೊರಟು ನೇರವಾಗಿ ಟೈಲರ್ ಅಂಗಡಿಗೆ ಹೋದಳು. ಬೀದಿಯ ತಿರುವಿನಲ್ಲಿ, ಬೀಗದ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ, ಒಂದು ಮೇಜು ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗ. ಅವರು ಅವಳಿಗೆ ಸ್ಟೂಲು ಎಳೆದುಕೊಟ್ಟು, ಏನು ಬಂದಿರಿ ಎಂದು ಕೇಳದೆ ಕೆಲಸ ಮುಂದುವರಿಸಿದರು. ಮೂರು ಗಂಟೆಯಾಗಿತ್ತು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಗೆರೆ ಮುಗಿಸಿದರು. ನೂರಾರು ಭೇಟಿಗಳನ್ನು ಬರೆದಿಟ್ಟವಳು ಆ ನಡುಕವನ್ನು ಕಣ್ಣಾರೆ ನೋಡುತ್ತಿದ್ದುದು ಅದೇ ಮೊದಲು.

“ನಾನು ಮಾಡಿದ್ದು ತಪ್ಪಾ?” ಎಂದು ಕೇಳಿದಳು.

ಟೈಲರ್ ಸೀಮೆಸುಣ್ಣ ಕೆಳಗಿಟ್ಟು ಯೋಚಿಸಿದರು. “ನಂಗೆ ಆಗ ಬೆಳಗ್ಗೆ ಬರೋದೇ ಅನುಕೂಲ ಆಗಿತ್ತಮ್ಮ. ಮಧ್ಯಾಹ್ನ ಅಂದ್ರೆ ಗಿರಾಕಿ ಕೈತಪ್ಪೋರು. ಬದಲಾಯಿಸಿದ್ದಕ್ಕೆ ನಿಮ್ಮನ್ನ ಮನಸ್ಸಲ್ಲೇ ಹರಸಿದ್ದೆ.” ಆಮೇಲೆ ತಲೆ ಕೆರೆದುಕೊಂಡು, “ತಪ್ಪೋ ಸರಿಯೋ, ಅದನ್ನ ನೀವೇ ಓದಿದೋರು ಹೇಳ್ಬೇಕು,” ಎಂದರು.

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಚೀಲದಿಂದ ಖಾಲಿ ವೇಳಾಪಟ್ಟಿ ತೆಗೆದು ಮೇಜಿನ ಅಂಚಿನಲ್ಲಿ ಹರಡಿ, “ನಿಮ್ಮ ಕೈ ತೀರಾ ಹೆಚ್ಚು ನಡುಗೋದು ಎಷ್ಟು ಹೊತ್ತಿಗೆ, ಹೇಳಿ,” ಎಂದಳು. ಅವರು ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟರು.