ಗೋಡೆ ಹೊಟ್ಟೆ ಬಂದರೆ ಯಾರನ್ನು ಕರೆಯಬೇಕು

ಕುಣಿಕೋಣೂರಿನ ಹಾಲವ್ವನ ಮನೆಯ ಗೋಡೆ ಬಿರುಕು ಬಿಟ್ಟು ಮೂರು ವರ್ಷವಾಗಿತ್ತು. ಹಬ್ಬ ಬಂದಾಗಲೆಲ್ಲ ಆಕೆ ಸೆಗಣಿ, ಕೆಮ್ಮಣ್ಣು ಕಲಸಿ ಬಿರುಕಿನ ಮೇಲೆ ಸಾರಿಸುವಳು. ಬಿರುಕು ಮಾಯ. ಮುಂದಿನ ಹಬ್ಬಕ್ಕೆ ಮತ್ತೆ ಹಾಜರು. ಇದನ್ನು ನಮ್ಮ ಕಡೆ ರಿಪೇರಿ ಎನ್ನುತ್ತಾರೆ. ನನ್ನನ್ನು ಕೇಳಿದರೆ ಇದು ಹುಣ್ಣಿನ ಮೇಲೆ ಕುಂಕುಮ ಹಚ್ಚಿದ ಹಾಗೆ.

ಮನೆ ನಮ್ಮ ಸೀಮೆಯ ಎಲ್ಲ ಮನೆಗಳಂಥದ್ದೇ. ಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವುದು ಪದ್ಧತಿ. ಹಾಲವ್ವನ ಮಗ ಬಸಗೊಂಡ ಈ ಪದ್ಧತಿಯನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಆದರೆ ಹಳೆಯ ಮಣ್ಣನ್ನು ಒಮ್ಮೆಯೂ ಕೆರೆದು ತೆಗೆಯಲಿಲ್ಲ. ವರ್ಷಕ್ಕಿಷ್ಟು ಭಾರ ಗೋಡೆಯ ತಲೆಯ ಮೇಲೆ ಏರುತ್ತಲೇ ಹೋಯಿತು.

ಈ ವರ್ಷ ಮಗಳು ಭಾಗವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ತಂಗಿಯ ಕೋಣೆ ಚೆನ್ನಾಗಿರಲಿ ಎಂದು ಬಸಗೊಂಡ ಗೋಡೆ ಸರಿಮಾಡಿಸಲು ಹೊರಟ. ಊರಲ್ಲೇ ಭೀಮರಾಯ ಗವಂಡಿ ಇದ್ದ, ಗೋಡೆ ಕಟ್ಟುವುದರಲ್ಲಿ ಪಳಗಿದ ಕೈ. ಅವನು ಮೊದಲು ಮಾಳಿಗೆ ಹತ್ತಿ ನೋಡಬೇಕು, ಕೆಲಸಕ್ಕೆ ಇಪ್ಪತ್ತು ದಿನ ಬೇಕು ಎಂದ. ಉಮದಿ ಸಂತೆಯಲ್ಲಿ ಸಿಕ್ಕ ಪರವೂರಿನವನೊಬ್ಬ ಎರಡೇ ದಿನ ಸಾಕೆಂದ. ಬಸಗೊಂಡನಿಗೆ ಎರಡು ದಿನದ ಮಾತು ರುಚಿಸಿತು. ಬಂದವನು ಗೋಡೆ ಯಾಕೆ ಬಿರಿದಿದೆ ಎಂದು ಕೇಳಲಿಲ್ಲ. ಒಳಗೂ ಹೊರಗೂ ಸಿಮೆಂಟು ಬಳಿದು, ನುಣ್ಣಗೆ ತೀಡಿ, ತನ್ನ ದಾರಿ ಹಿಡಿದ. ಅವನ ಊರು ಯಾವುದೆಂದು ಸಹ ಯಾರೂ ಕೇಳಿರಲಿಲ್ಲ. ಓಣಿಯ ಹೆಂಗಸರು ಬಂದು ಗೋಡೆಯನ್ನು ಸವರಿ ಸವರಿ ನೋಡಿದರು. ಹಾಲವ್ವ ಬೀಗಿದಳು.

ಭಾಗವ್ವ ಹೆಣ್ಣುಕೂಸು ಹೆತ್ತ ದಿನವೇ ಉತ್ತರಿ ಮಳೆ ಹಿಡಿಯಿತು. ಮೂರನೆಯ ದಿನ ಬೆಳಗ್ಗೆ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಅವಳ ಕಣ್ಣಿಗೆ ಬಿತ್ತು. ಪಕ್ಕದ ಗೋಡೆ ನಡುವಿಗೆ ಉಬ್ಬಿ ಹೊರಸಿನ ಕಡೆ ಬಂದಿದೆ. ಸಿಮೆಂಟಿನ ಮೇಲೆ ಉದ್ದಕ್ಕೆ ಹೊಸ ಬಿರುಕು. ಹೊರಸಿಗೂ ಗೋಡೆಗೂ ನಡುವೆ ಒಂದು ಗೇಣು.

ಬಸಗೊಂಡ ಮುಖ ಸಣ್ಣದು ಮಾಡಿಕೊಂಡು ಭೀಮರಾಯನ ಬಾಗಿಲಿಗೆ ಹೋದ. ಭೀಮರಾಯ ಒಂದು ಚುಚ್ಚುಮಾತೂ ಆಡದೆ ಎದ್ದು ಬಂದ. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ. ಹಾಲವ್ವ ಮಗಳಿಗೆ ಕಂಬಳಿ ಮರೆ ಹಿಡಿದು ಅವನನ್ನು ಒಳಗೆ ಬಿಟ್ಟಳು. ಅವನು ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಬಂದ. ಕೆಳಗೆ ಗಟ್ಟಿ ಸದ್ದು, ನಡುವೆ ಬರಿಗಡಿಗೆಯ ಸದ್ದು. ದಾರಕ್ಕೆ ಕಲ್ಲು ಕಟ್ಟಿ ಜಂತಿಯಿಂದ ಇಳಿಬಿಟ್ಟ. ದಾರ ನೆಟ್ಟಗೆ ಇಳಿಯದೆ ಗೋಡೆಯ ಉಬ್ಬಿಗೆ ತಾಗಿ ನಿಂತಿತು.

"ಅಕ್ಕಾ, ಗ್ವಾಡಿ ಹೊಟ್ಟಿ ಬಂದೈತ್ರಿ. ಮಗಳನ್ನ ಲಗೂನ ಹೊರಗ ಕರಕೊಳ್ರಿ," ಎಂದ.

ಹಾಲವ್ವನ ಮುಖ ಬಿಗಿಯಿತು. "ಐದನೇ ದಿನಾ ಸಟವಿ ತಾಯಿ ಪೂಜಿ ಆಗೂತನಕಾ ಬಾಣಂತಿ ಹೊರಸ ಸರಸೂದಿಲ್ಲ," ಎಂದಳು. ಐದನೆಯ ದಿನ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ಮನೆಮನೆಯ ನಂಬಿಕೆ. ಹಾಲವ್ವನ ಹಟದಲ್ಲಿ ಬರೀ ನಂಬಿಕೆ ಇರಲಿಲ್ಲ. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟಾಗ ತನ್ನ ಚೊಚ್ಚಲ ಕೂಸನ್ನು ಮೂರನೆಯ ದಿನವೇ ಹೊಲದ ಗುಡಿಸಲಿಗೆ ಒಯ್ದಿದ್ದಳು. ಅದು ಅಲ್ಲಿಯೇ ಕಣ್ಣು ಮುಚ್ಚಿತು. ಆ ಹೆದರಿಕೆ ಆಕೆಯ ಎದೆಯಿಂದ ಇಳಿದಿರಲೇ ಇಲ್ಲ.

ಭೀಮರಾಯ ವಾದಕ್ಕೆ ನಿಲ್ಲಲಿಲ್ಲ. ಹಳೆಯ ಪಂಚಾಂಗದ ಹಾಳೆ ಕೇಳಿ ತರಿಸಿಕೊಂಡ. ಎರಡು ಪಟ್ಟಿ ಹರಿದು, ಜೋಳದ ಅಂಬಲಿ ಹಚ್ಚಿ, ಬಿರುಕಿನ ಎರಡೂ ದಂಡೆ ಹಿಡಿಯುವಂತೆ ಅಂಟಿಸಿದ.

"ಈ ಕಾಗದಾ ಹರದ್ರ ಗ್ವಾಡಿ ಇನ್ನೂ ಸರ್ಯಾಕತ್ತೈತಿ ಅಂತ ತಿಳಕೊಳ್ರಿ. ಆಗ ನನ್ನ ಮಾತ ಕೇಳಬ್ಯಾಡ್ರಿ, ಗ್ವಾಡಿ ಮಾತ ಕೇಳ್ರಿ."

ಅಷ್ಟು ಹೇಳಿ ಅವನು ಬಸಗೊಂಡನ ಜೊತೆ ತೊಲೆಗೆ ಗಟ್ಟಿ ಕಂಬಗಳ ಆಸರೆ ಕೊಡತೊಡಗಿದ. ಹೊರಗೆ ಮೋಡ ಕಪ್ಪಾಗಿ ಮತ್ತೆ ಹನಿ ಶುರುವಾಯಿತು. ಹಾಲವ್ವ ಹೊರಸಿನ ಬಳಿ ಕುಳಿತು ಕಾಗದವನ್ನೇ ನೋಡುತ್ತಿದ್ದಳು. ಊಟದ ಹೊತ್ತಿಗೆ ಮುಂಚೆ ಮೇಲಿನ ಪಟ್ಟಿ ನಡುವೆ ಸೀಳಿತು. ಅಂಬಲಿ ಒಣಗಿ ಹರಿದಿರಬೇಕು ಎಂದಳು. ಸ್ವಲ್ಪ ಹೊತ್ತಿಗೆ ಎರಡನೆಯ ಪಟ್ಟಿಯೂ ಅಂಚಿನಿಂದ ಸೀಳತೊಡಗಿತು. ಜಂತಿಯಿಂದ ಪುಡಿಮಣ್ಣು ಉದುರಿ ಕೂಸಿನ ಹೊದಿಕೆಯ ಮೇಲೆ ಬಿತ್ತು.

ಭಾಗವ್ವ ಆ ಮಣ್ಣನ್ನು ಕೈಯಿಂದ ಒರೆಸಿದಳು.

"ಅವ್ವಾ, ಸಟವಿ ತಾಯಿ ಹಣಿಮ್ಯಾಲ ಬರ್ಯಾಕ ಬರ್ತಾಳ, ಖರೆ. ಬರ್ಯಾಕ ಕೂಸ ಇರಬೇಕಲ್ಲ."

ಹಾಲವ್ವ ಎದ್ದಳು. ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು, ಹಿಂತಿರುಗಿ ನೋಡದೆ ನೆರೆಮನೆಯ ಕಾಳವ್ವನ ಪಡಸಾಲೆಗೆ ನಡೆದಳು. ಹಿಂದೆ ಅಣ್ಣನ ಹೆಗಲು ಹಿಡಿದು ಭಾಗವ್ವ ಬಂದಳು.

ಇಳಿಹೊತ್ತಿನಲ್ಲಿ ಗೋಡೆ ಬಿತ್ತು. ಆಸರೆ ಕೊಟ್ಟಿದ್ದರಿಂದ ಮಾಳಿಗೆ ನಿಂತಿತು. ಹೊರಸು ಮಣ್ಣಿನ ಕೆಳಗೆ ನುಚ್ಚಾಗಿತ್ತು. ಬಸಗೊಂಡ ಅದನ್ನು ನೋಡಿ ಅಲ್ಲೇ ಕುಕ್ಕರಿಸಿ ಅತ್ತ. ಬಿದ್ದ ಮಣ್ಣನ್ನು ಹಿಡಿದರೆ ಕಲಸಿದ ಹಿಟ್ಟಿನಂತೆ ಹಸಿ ಹಸಿ. ಮಾಳಿಗೆ ಸೋರಿ ನೀರು ಗೋಡೆಗಿಳಿದಿತ್ತು, ಸಿಮೆಂಟಿನ ಪದರ ಅದನ್ನು ಆರಗೊಡದೆ ಒಳಗೇ ಹಿಡಿದಿಟ್ಟಿತ್ತು ಎಂದು ಭೀಮರಾಯ ತಿಳಿಸಿ ಹೇಳಿದ. ಮಾಳಿಗೆಯ ಮೇಲಿನ ಮಣ್ಣು ಅಳೆದರೆ ಒಂದೂವರೆ ಮೊಳ ದಪ್ಪ ಇತ್ತು. ಮಣ್ಣಿನ ಗೋಡೆಗೆ ಮಣ್ಣೇ ಮದ್ದು ಎಂಬುದು ಅವನ ಮಾತು.

ಐದನೆಯ ದಿನ ಸಟವಿ ಪೂಜೆ ಕಾಳವ್ವನ ಪಡಸಾಲೆಯಲ್ಲೇ ಆಯಿತು. ಮಳೆ ನಿಂತ ಮೇಲೆ ಭೀಮರಾಯ ಮಾಳಿಗೆಯ ಭಾರ ಇಳಿಸಿ, ಹುಲ್ಲು ಬೆರೆಸಿದ ಮಣ್ಣನ್ನು ಎಂಟು ದಿನ ಕೊಳೆಹಾಕಿ, ಗೋಡೆಯನ್ನು ದಿನಕ್ಕೆ ಒಂದು ಮೊಳದಂತೆ ಆರಿಸುತ್ತ ಎಬ್ಬಿಸಿದ. ಹಾಲವ್ವ ದಿನವೂ ಎದುರಿಗೇ ಕುಳಿತು ನೋಡಿದಳು. ಈಗ ಓಣಿಯಲ್ಲಿ ಯಾರಾದರೂ ಬಿರುಕಿಗೆ ಸೆಗಣಿ ಬಳಿಯುವುದು ಕಂಡರೆ ಆಕೆಯೇ ಹೋಗಿ ಕೈ ಹಿಡಿಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಕೂದಲೆಳೆಯಷ್ಟು ಬಿರುಕಿಗೆ ಹೆದರಬೇಡಿ, ಅದಕ್ಕೆ ಹುಲ್ಲುಮಣ್ಣು ಸಾಕು. ಮೆತ್ತುವ ಮುಂಚೆ ಸಡಿಲು ಮಣ್ಣು ಕೆರೆದು, ಗೋಡೆಗೆ ನೀರು ಚಿಮುಕಿಸಿ. ಬೆರಳು ಹೋಗುವಷ್ಟು ಬಿರುಕಿದ್ದರೆ ಮಾತ್ರ ಮುಚ್ಚಿಡಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಕೇಳುವ ಗವಂಡಿಯನ್ನೇ ಕರೆಯಿರಿ. ಅವನು ಹೋದ ವರ್ಷ ಮಾಡಿದ ಗೋಡೆ ಈ ಮಳೆಗೆ ಹೇಗೆ ನಿಂತಿದೆ ಎಂದು ಹೋಗಿ ನೋಡಿ. ಕೂಲಿ, ದಿನ, ಸಾಮಾನು ಎಲ್ಲ ಮೊದಲೇ ಮಾತಾಡಿಕೊಳ್ಳಿ. ಊರಿನವನಾದರೆ ನಾಳೆ ಗೋಡೆ ಬಿರಿದಾಗ ಅವನ ಬಾಗಿಲಿಗೆ ಹೋಗಿ ಕೇಳಬಹುದು. ಮಾಳಿಗೆಗೆ ಹೊಸ ಮಣ್ಣು ಹಾಕುವ ಮುಂಚೆ ಹಳೆಯದನ್ನು ಇಳಿಸಿ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮಕ್ಕಳು ಮಲಗುವ ಕಡೆಯ ಗೋಡೆಯನ್ನು ಒಮ್ಮೆ ತಟ್ಟಿ ನೋಡಿ. ಟೊಳ್ಳು ಸದ್ದು ಕೇಳಿದರೆ, ಗೋಡೆ ಉಬ್ಬಿದ್ದರೆ, ಮೊದಲು ಮಕ್ಕಳನ್ನು ಹೊರಗೆ ಕರೆದುಕೊಳ್ಳಿ. ಗವಂಡಿಯನ್ನು ಆಮೇಲೆ ಕರೆಯಿರಿ.