ಅನುಮಾನಕ್ಕೆ ಕಾರಣ

ನಾನು ತಿರುಗಿದ ಕೂಡಲೇ ಪೆನ್ನು ನಿಂತಿತು, ಅಂದರೆ ಬರೆಯುತ್ತಿದ್ದುದು ನನ್ನ ಬಗ್ಗೆಯೇ, ಎಲ್ಲರೂ ಗುಬ್ಬಿ ಎಂದು ಕರೆಯುವ ಈ ಹದಿನಾಲ್ಕರ ಹುಡುಗಿ ಟೇಬಲ್ ಟೆನ್ನಿಸ್ ಮೇಜಿನಾಚೆ ಗೋಡೆಗೊರಗಿ ಕೂತು, ನಾನು ಈ ಯುವಜನ ಕೇಂದ್ರದೊಳಗೆ ಬಂದಾಗೊಮ್ಮೆ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಗೀಚುತ್ತಾಳೆ, ಹೊರಟಾಗ ಮತ್ತೊಮ್ಮೆ, ಮೂರು ವಾರದಿಂದ ನೋಡುತ್ತಿದ್ದೇನೆ — ಮ್ಯಾನೇಜರಮ್ಮನೇ ಬರೆಸುತ್ತಿರಬೇಕು, ಆಕೆಯ ನಗುವೇ ಹಾಗಿದೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಜನರನ್ನು ಕೆಲಸದಿಂದ ತೆಗೆಯುವ ನಗು. ಆರು ತಿಂಗಳ ಪರೀಕ್ಷಾ ಅವಧಿ ಮುಗಿಯಲು ಇನ್ನು ಒಂಬತ್ತು ದಿನ, ಆಮೇಲೆ ಆಕೆ ಕೆಲಸ ಕಾಯಂ ಎಂದು ಒಂದು ಪತ್ರ ಕೊಡಬೇಕು, ಕೊಟ್ಟರೆ ನಾನು, ಗಂಡ, ಮಗಳು ಈ ದೇಶದಲ್ಲಿ ಉಳಿಯಬಹುದು, ಇಲ್ಲವಾದರೆ ಗಂಟುಮೂಟೆ. ನಮ್ಮೂರಿನ ಹೆಣ್ಣುಮಕ್ಕಳ ವಸತಿಗೃಹದಲ್ಲಿ ಹನ್ನೆರಡು ವರ್ಷ ದುಡಿದು ಹರೆಯದವರ ಕಣ್ಣೀರು, ಸುಳ್ಳು, ಹಟ ಎಲ್ಲ ನೋಡಿದವಳು ನಾನು, ಈ ದೇಶಕ್ಕೆ ಬೇಕಾದ ಕೆಲಸಗಳ ಪಟ್ಟಿಯಲ್ಲಿ ವೆಲ್ಡರಿಗೂ ನರ್ಸಿಗೂ ನಡುವೆ ಯುವಜನ ಕಾರ್ಯಕರ್ತೆ ಎಂದು ಕಂಡಾಗ ಗಂಡ ಬಿದ್ದು ಬಿದ್ದು ನಕ್ಕಿದ್ದ, ಏನೇ ಇದು, ಹುಡುಗರ ಜೊತೆ ಚೆಂಡಾಡೋಕೂ ವೀಸಾ ಕೊಡ್ತಾರಾ, ಈಗ ನನ್ನ ವೀಸಾದ ಬಾಲ ಹಿಡಿದೇ ಬಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ, ಪಾಪ. ನನಗೆ ಆಗಲೇ ಅನ್ನಿಸಿತ್ತು, ತಮ್ಮ ಮಕ್ಕಳನ್ನು ನೋಡಿಕೊಳ್ಳಲು ತಮ್ಮವರೇ ಸಿಗದ ಜಾಗದಲ್ಲಿ ಏನೋ ಎಡವಟ್ಟಿರಲೇಬೇಕು, ಬೆಳ್ಳಗಿರುವುದೆಲ್ಲ ಹಾಲಲ್ಲ.

ಗುಬ್ಬಿ ನೀರು ಕುಡಿಯಲು ಎದ್ದಳು, ನೋಟ್‌ಬುಕ್ ಕುರ್ಚಿಯ ಮೇಲೇ ಇದೆ, ಮಕ್ಕಳ ವಸ್ತು ಮುಟ್ಟಬಾರದೆಂದು ಊರಿನ ವಸತಿಗೃಹದಲ್ಲಿ ಹೊಸಬರಿಗೆ ಪಾಠ ಮಾಡಿದ ಬಾಯಿ ಇದೇ, ತೆರೆದ ಕೈಯೂ ಇದೇ — ದೂರಿಲ್ಲ, ನನ್ನ ಹೆಸರೂ ಇಲ್ಲ, ಮಂಗಳವಾರ ಮೂರರಿಂದ ಏಳು, ಗುರುವಾರ ಮೂರರಿಂದ ಏಳು, ಶನಿವಾರ, ಪುಟದ ಮೇಲೆ ಪುಟ ನನ್ನ ಪಾಳಿಯ ಹೊತ್ತು, ಅಷ್ಟೇ. ಓದಿದ್ರಾ, ಬೆನ್ನ ಹಿಂದೆ ಅವಳ ದನಿ, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ನೀವಿದ್ರೆ ಏಳರವರೆಗೂ ಇರೋಕೆ ಬಿಡ್ತೀರಲ್ಲ, ಬೇರೆಯವರು ಐದಕ್ಕೇ ಮನೆಗೆ ಕಳಿಸ್ತಾರೆ, ಅದಕ್ಕೇ ನಿಮ್ಮ ದಿನ ಬರ್ಕೊಳ್ತೀನಿ. ಮನೆಗೆ ಹೋದ್ರೆ ಏನಮ್ಮ? ಅಮ್ಮ ಕೆಲಸದಿಂದ ಬರೋದು ಏಳೂವರೆಗೆ, ಅಲ್ಲೀವರೆಗೆ ಅಮ್ಮನ ಗಂಡ ಇರ್ತಾರೆ. ಅಪ್ಪ ಅನ್ನಲಿಲ್ಲ. ಕಾಯುವುದೇ ಈ ಕೆಲಸದ ಅರ್ಧ, ಅವಳು ಶೂ ಲೇಸು ಬಿಚ್ಚಿ ಕಟ್ಟಿ ಬಿಚ್ಚಿ, ನೆಲಕ್ಕೆ ಹೇಳುವಂತೆ ಹೇಳಿದಳು, ನನ್ನ ರೂಮಿಗೆ ಹೊಸ ಚಿಲಕ ಹಾಕಿದಾರೆ, ಒಳಗಲ್ಲ, ಹೊರಗಡೆ.

ಚಿಲಕದ ಮಾತನ್ನು ಮ್ಯಾನೇಜರಮ್ಮ ನಗುತ್ತಲೇ ಕೇಳಿಸಿಕೊಂಡಳು, ಅಯ್ಯೋ, ಅವಳಮ್ಮನ ಗಂಡ ನಮ್ಮ ಕೇಂದ್ರದ ಸಮಿತಿಯವರೇ ಕಣ್ರೀ, ಒಳ್ಳೇ ಮನುಷ್ಯ, ಈ ವಯಸ್ಸಿನ ಹುಡುಗೀರು ಕಥೆ ಕಟ್ತಾರೆ, ನಿಮ್ಮದೂ ಒಂಬತ್ತೇ ದಿನ ಉಳಿದಿದೆ ಅಲ್ವಾ, ಆತುರ ಯಾಕೆ. ಬೆದರಿಕೆಯೋ, ಬುದ್ಧಿಮಾತೋ, ಹುಡುಗಿಯೇ ಇವಳ ಮಾತು ಕೇಳಿ ನನ್ನನ್ನು ಪರೀಕ್ಷಿಸುತ್ತಿದ್ದಾಳೋ, ಛೆ, ಎಂಥ ಹುಳ ಈ ತಲೆಯೊಳಗೆ — ಕಾರಿಡಾರಿನಲ್ಲಿ ನಿಂತು ಮಕ್ಕಳ ರಕ್ಷಣೆಯವರಿಗೆ ನಾನೇ ಫೋನ್ ಮಾಡಿದೆ, ನನ್ನ ಉಚ್ಚಾರಣೆ ಅರ್ಥವಾಗದೆ ಎರಡು ಸಲ ಹೇಳಿಸಿದರು, ನಲವತ್ತು ನಿಮಿಷಕ್ಕೆ ಇಬ್ಬರು ಹೆಂಗಸರು ಬಂದರು, ಗುಬ್ಬಿಯನ್ನು ಮನೆಗಲ್ಲ, ಅವಳ ಅಮ್ಮ ಕೆಲಸ ಮಾಡುವಲ್ಲಿಗೆ ಕರೆದುಕೊಂಡು ಹೋದರು, ಹೋಗುವಾಗ ಅವಳು ನನ್ನತ್ತ ನೋಡಲಿಲ್ಲ, ನಂಬಿಕೆಯೋ ಸಿಟ್ಟೋ ಗೊತ್ತಿಲ್ಲ. ಮ್ಯಾನೇಜರಮ್ಮ ಈಗ ನಗುತ್ತಿಲ್ಲ, ಪತ್ರದ ಮಾತು ಮುಗಿಯಿತು ಅಂತಲೇ ಲೆಕ್ಕ. ಗಂಡನಿಗೆ ಫೋನಿನಲ್ಲಿ ಹೇಳಿದೆ, ಸರಿ, ಅಂದ, ಮಾಡಿದ್ದು ಮಾಡಿದೀಯ, ಮನೆಗೆ ಬಾ. ಆದರೆ ಆ ಹೆಂಗಸರು ಕೊಟ್ಟುಹೋದ ಈ ಫಾರಂ ಮುಗಿಸಬೇಕು, ಅನುಮಾನಕ್ಕೆ ಕಾರಣ ಎಂದು ಕೇಳಿ ಮೂರೇ ಗೆರೆ ಬಿಟ್ಟಿದ್ದಾರೆ, ಜನ್ಮವಿಡೀ ಎಲ್ಲರನ್ನೂ ಅನುಮಾನಿಸಿದವಳಿಗೆ ಮೂರು ಗೆರೆ, ಬರೆಯುತ್ತೇನೆ, ಚಿಲಕ ಹೊರಗಡೆ ಇದೆ, ಉಕ್ಕಿನದೋ, ಹಿತ್ತಾಳೆಯದೋ, ಯಾರೋ ಅಂಗಡಿಗೆ ಹೋಗಿ ಆರಿಸಿರಬೇಕು, ಇದಲ್ಲ, ಸ್ವಲ್ಪ ದೊಡ್ಡದು ಕೊಡಿ ಅಂದಿರಬೇಕು, ಪೆನ್ಸಿಲಿನಿಂದ ಗುರುತು ಹಾಕಿ, ನಾಲ್ಕು ತಿರುಪು ಒಂದೊಂದೇ ತಿರುಗಿಸಿ, ಆಗ ಅವಳು ಒಳಗಿದ್ದಳೋ, ಆ ಸದ್ದು ಕೇಳುತ್ತ ಕೂತಿದ್ದಳೋ — ಚಿಲಕ, ಹೊಸದು, ಹೊರಗಡೆ.